ಹೋರಾಟದ ಹಾಡುಗಳು ಮತ್ತು ನಮ್ಮೂರ ತಮಟೆ

ಸುವರ್ಣ ಮಹೋತ್ಸವ ಸಮಿತಿಯ ಗೆಳೆಯರು ಫೋನ್ ಮಾಡಿ, "ನೀನು ಚರಿತ್ರೆ ಮೇಷ್ಟ್ರು, ಶಾಲೆಯ ಚರಿತ್ರೆ ಬರೆದುಕೊಡು" ಎಂದರು. ಶಾಲೆಗೆ ಜಾಗ ಕೊಟ್ಟವರು ಯಾರು, ಹೆಂಚಿನ ಕಟ್ಟಡ ಎಂದು ಮುಗಿಯಿತು, ಮೊದಲ ಸಲ ಎಸ್ಸೆಸ್ಸೆಲ್ಸಿ ಪಾಸಾದವರು ಎಷ್ಟು ಮಂದಿ ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ನಾನು ಬೇರೆಯದೊಂದು ಚರಿತ್ರೆ ಬರೆಯುತ್ತೇನೆ ಎಂದು ಹೇಳಿ ಒಪ್ಪಿಕೊಂಡೆ. ಅದು ಹಾಡುಗಳ ಚರಿತ್ರೆ. ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಕರ್ನಾಟಕದ ಹಳ್ಳಿಗಳಲ್ಲಿ ದಲಿತರ, ಕೂಲಿಕಾರರ ಹೋರಾಟದ ಹಾಡುಗಳು ಕೇಳಿಬರಲು ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಆ ಹಾಡುಗಳು ನಮ್ಮೂರಿಗೂ ಬಂದವು. ಈ ಶಾಲೆಯ ವೇದಿಕೆಯ ತನಕವೂ ಬಂದವು, ಮೆಟ್ಟಿಲ ಹತ್ತಿರ ಒಂದು ದಿನ ನಿಂತುಬಿಟ್ಟವು. ಅದನ್ನು ಕಂಡವರಲ್ಲಿ ಹಲವರು ಈಗಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ಎಲ್ಲರಿಗೂ ಗೊತ್ತಿರುವ ಒಂದು ಹಾಡಿನಿಂದ ಶುರು ಮಾಡುತ್ತೇನೆ. ಶನಿವಾರದ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಮುಂದೆ ನಮಗೂ ಜಯವಿದೆ ಎಂಬ ಭರವಸೆಯ ಹಾಡೊಂದನ್ನು ಕೈಕೈ ಹಿಡಿದು ಹಾಡುತ್ತಿದ್ದೆವು. ಈಗಲೂ ಮಕ್ಕಳು ಹಾಡುತ್ತಾರೆ. ನಾವು ಅದನ್ನು ದೇವರ ಹಾಡೆಂದೇ ತಿಳಿದಿದ್ದೆವು. ಕಾಲೇಜು ಸೇರಿದ ಮೇಲೆ ನನಗೆ ಗೊತ್ತಾಯಿತು, ಅದರ ಮೂಲ 'ವಿ ಶಲ್ ಓವರ್‌ಕಮ್' ಎಂಬ ಅಮೆರಿಕದ ಹಾಡು. ದೇವರ ಹಾಡೆಂದು ನಾವು ತಿಳಿದದ್ದು ಪೂರ್ತಿ ತಪ್ಪೂ ಅಲ್ಲ; ಕಪ್ಪು ಜನರ ಚರ್ಚಿನ ಹಾಡೊಂದರಿಂದಲೇ ಅದು ಹುಟ್ಟಿದ್ದು. 1945ರಲ್ಲಿ ಚಾರ್ಲ್ಸ್‌ಟನ್ ಎಂಬ ಊರಿನ ತಂಬಾಕು ಕಾರ್ಖಾನೆಯಲ್ಲಿ ಕೂಲಿಗಾಗಿ ಮುಷ್ಕರ ಹೂಡಿದ ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು, ಚಳಿಯಲ್ಲಿ ಗೇಟಿನ ಮುಂದೆ ನಿಂತು ಅದನ್ನು ಹಾಡಿದರು. ಅವರಿಂದ ಜಿಲ್ಫಿಯಾ ಹಾರ್ಟನ್ ಎಂಬ ಶಿಕ್ಷಕಿ ಕಲಿತರು. ಅವರಿಂದ ಪೀಟ್ ಸೀಗರ್ ಎಂಬ ಹಾಡುಗಾರ ಕಲಿತ. 1960ರಲ್ಲಿ ಗೈ ಕ್ಯಾರವಾನ್ ಎಂಬುವರು ಅದನ್ನು ಹೋಟೆಲುಗಳಲ್ಲಿ ಕಪ್ಪು ಜನರಿಗೂ ಜಾಗ ಬೇಕೆಂದು ಹಟ ಹಿಡಿದು ಕೂತ ವಿದ್ಯಾರ್ಥಿಗಳಿಗೆ ಕಲಿಸಿದರು. ಹಾಗೆ ಕೈಯಿಂದ ಕೈಗೆ ದಾಟಿ ಸಮುದ್ರದ ಈಚೆಗೂ ಬಂತು. ಕೋಲಾರದ ಬಯಲಲ್ಲಿ ಬರಿಗಾಲಲ್ಲಿ ನಿಂತು ಹಾಡುತ್ತಿದ್ದ ನಮಗೆ, ಅದು ಕೂಲಿ ಹೆಂಗಸರ ಹಾಡು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ, ಮೂಳಬಾಗಿಲು ರಸ್ತೆಯಲ್ಲಿ ಜಲ್ಲಿ ಒಡೆಯುತ್ತಿದ್ದ ನನ್ನ ಅವ್ವನ ನೆನಪಾದರೂ ಬರುತ್ತಿತ್ತು.

ಕನ್ನಡದಲ್ಲೂ ಇಂಥ ಹಾಡು ಹೊಸದಲ್ಲ. ಈಚಿನ ವರ್ಷಗಳಲ್ಲಿ ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ 'ಹಲಗಲಿ ಬೇಡರು' ಎಂಬ ಲಾವಣಿ ಇದೆ. 1857ರಲ್ಲಿ ಆಯುಧ ಒಪ್ಪಿಸಿ ಎಂದು ಕಂಪನಿ ಸರ್ಕಾರ ಹೊರಡಿಸಿದ ಹುಕುಮನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಧಿಕ್ಕರಿಸಿದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಆಗ ನಮ್ಮ ಕಡೆ ಇದನ್ನು ಬಲ್ಲವರು ಯಾರಿದ್ದರು? ಆದರೂ ನಾನು ಇದನ್ನು ಎಂಟನೆಯ ತರಗತಿಯಲ್ಲೇ ಕೇಳಿದ್ದೆ. ನಮಗೆ ಕನ್ನಡ ಪಾಠ ಮಾಡಲು ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರೊಬ್ಬರು ಕೊನೆಯ ಪಿರಿಯಡ್ಡಿನಲ್ಲಿ ಮೇಜು ಬಡಿಯುತ್ತ ಆ ಲಾವಣಿ ಹೇಳುತ್ತಿದ್ದರು. ಚರಿತ್ರೆ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕಿತ್ತೂರು ಸೀಮೆಯ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಹಲಗಲಿಯವರ ಲಾವಣಿಯನ್ನೂ ಜನರ ಬಾಯಿಂದ ಬರೆಸಿಕೊಂಡು ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಫ್ಲೀಟ್ ಹಾಡನ್ನು ಪ್ರಕಟಿಸಿದ್ದು 1880ರ ದಶಕದಲ್ಲಿ. ಅಷ್ಟು ಕಾಲ ಆ ಚರಿತ್ರೆಯನ್ನು ಕಾಪಾಡಿದ್ದು ಯಾವ ಕಚೇರಿಯ ಕಡತವೂ ಅಲ್ಲ, ಓದು ಬಾರದ ಲಾವಣಿಕಾರರ ನಾಲಿಗೆ.

ಸ್ವಾತಂತ್ರ್ಯ ಚಳವಳಿಯಲ್ಲೂ, ಏಕೀಕರಣದಲ್ಲೂ ಹಾಡಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕೇಳಿಬಂದದ್ದನ್ನು ಎಲ್ಲರೂ ಓದಿದ್ದೇವೆ. ಆದರೆ ಈ ಹಾಡುಗಳಲ್ಲಿ ಎದುರಾಳಿ ಯಾವಾಗಲೂ ಹೊರಗಿನವನು. ಬಿಳಿಯ ದೊರೆ ಹೋದರೆ, ನಾಡು ಒಂದಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅವುಗಳಲ್ಲಿತ್ತು. ಊರೊಳಗೇ ಇರುವ ಎರಡು ಬಾವಿ, ಎರಡು ಸ್ಮಶಾನ, ಹೋಟೆಲಿನ ಸೂರಿಗೆ ಸಿಕ್ಕಿಸಿದ ಬೇರೆ ಲೋಟ, ಇವುಗಳ ಬಗ್ಗೆ ಹಾಡು ಬರಲು ಇನ್ನೂ 50 ವರ್ಷ ಬೇಕಾಯಿತು.

1973ರ ನವೆಂಬರ್‌ನಲ್ಲಿ ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬರ್ಥದ ಮಾತಾಡಿದರು. ರಾಜ್ಯವೆಲ್ಲ ಗದ್ದಲವಾಯಿತು. ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಟ್ಟರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಆಜ್ಞೆ ಮಾಡಿದ ಮಂತ್ರಿ ಅವರೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ಏಟು ತಿಂದ ಆ ಹುಡುಗರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ದೇವನೂರ ಮಹಾದೇವ, ಸಿದ್ದಲಿಂಗಯ್ಯ ಮೊದಲಾದ ಬರಹಗಾರರು ಅದರ ಜೊತೆ ನಿಂತರು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾದದ್ದು 1975ರಲ್ಲಿ. ಆಗ ಅವರಿಗೆ ಬರೀ 21 ವರ್ಷ.

ಸಿದ್ದಲಿಂಗಯ್ಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು. ಅವರ ಆತ್ಮಕಥೆ 'ಊರುಕೇರಿ'ಯ ಮೊದಲಲ್ಲೇ ಬರುವ ಚಿತ್ರವನ್ನು ಓದಿದವರು ಮರೆಯುವುದಿಲ್ಲ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿರುತ್ತಾರೆ, ಹುಡುಗ ನಿಂತು ನೋಡುತ್ತಾನೆ, ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಅಂಥ ಹುಡುಗ ಮುಂದೆ ಬೆಂಗಳೂರಿನ ಹಾಸ್ಟೆಲಿಗೆ ಬಂದು, ಓದಿಕೊಳ್ಳಲು ಸ್ಮಶಾನದಲ್ಲಿ ಜಾಗ ಹುಡುಕಿಕೊಂಡು, ಕವಿಯಾದ. ಆ ಹಾಡುಗಳು ಪುಸ್ತಕದ ಅಂಗಡಿಯಿಂದ ಹಳ್ಳಿಗೆ ಹೋಗಲಿಲ್ಲ. 1971ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಓದು ಬರಹ ಬಲ್ಲವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಕೇರಿಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಪುಸ್ತಕ ತಲುಪದ ಕಡೆ ಹಾಡು ಹೋಯಿತು.

ಹೇಗೆ ಹೋಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ಸಾಹಿತ್ಯ ಚರಿತ್ರೆಗಳು ಬಿಟ್ಟುಬಿಡುತ್ತವೆ. ಈ ಹಾಡುಗಳಲ್ಲಿ ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಬರುತ್ತದೆ. ಮುಂದಿರುವವನೊಬ್ಬ ಸಾಲು ಎತ್ತುತ್ತಾನೆ, ಉಳಿದವರು ಹಿಂದೆ ಹಿಡಿಯುತ್ತಾರೆ. ಭಜನೆ, ಕೋಲಾಟ, ಸೋಬಾನೆ ಗೊತ್ತಿದ್ದ ಜನಕ್ಕೆ ಇದನ್ನು ಕಲಿಯಲು ಒಂದು ರಾತ್ರಿ ಸಾಕು. ಮೈಕ್ ಬೇಡ, ಹಾರ್ಮೋನಿಯಂ ಬೇಡ. ಕೂಲಿ ಮುಗಿಸಿ ಉಂಡ ಮೇಲೆ, ರಾತ್ರಿ ಒಂಬತ್ತು ಗಂಟೆಗೆ, ಲಾಟೀನು ಬೆಳಕಲ್ಲಿ ಸಭೆ. ಭಾಷಣ ಅರ್ಧ ಗಂಟೆಯಾದರೆ ಜನ ಆಕಳಿಸುತ್ತಾರೆ, ಹಾಡು ಶುರುವಾದರೆ ಮಲಗಿದ ಮಕ್ಕಳೂ ಏಳುತ್ತವೆ. ಭಾಷಣದಲ್ಲಿ ಹೇಳಿದರೆ ಪೊಲೀಸಿನವರು ಬರೆದುಕೊಳ್ಳುವ ಮಾತನ್ನು ಹಾಡಿನಲ್ಲಿ ಹೇಳಿದರೆ ಅವರೂ ತಲೆದೂಗುತ್ತಿದ್ದರು. ಮೈಸೂರಿನ ಜನಾರ್ದನ್, ಎಲ್ಲರ ಬಾಯಲ್ಲಿ ಜನ್ನಿ, ಈ ಹಾಡುಗಳನ್ನು ಊರೂರಿಗೆ ಒಯ್ದವರಲ್ಲಿ ಮುಖ್ಯರು. ನಮ್ಮ ಕೋಲಾರದ ಕಡೆ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಹಾಡಿದರು. ಕೋಟಿಗಾನಹಳ್ಳಿ ರಾಮಯ್ಯ ಹಾಡು, ನಾಟಕ ಎರಡನ್ನೂ ಬರೆದರು.

ಅದೇ 1975ರಲ್ಲಿ ಬೆಂಗಳೂರಿನಲ್ಲಿ ಸಮುದಾಯ ತಂಡ ಹುಟ್ಟಿತ್ತು. 1979ರಲ್ಲಿ ಅವರು ಬೀದಿ ನಾಟಕ ಹಿಡಿದು ರಾಜ್ಯದ ಉದ್ದಗಲ ಜಾಥಾ ಹೊರಟರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ಹರಿಜನರನ್ನು ಸುಟ್ಟ ಘಟನೆಯ ಮೇಲೆ 'ಬೆಲ್ಚಿ' ನಾಟಕ ಆಡಿದರು. ನಾಟಕದ ನಡುನಡುವೆ ಹಾಡು. ಎಲ್ಲೋ ಬಿಹಾರದ ಕಥೆಯನ್ನು ನಮ್ಮ ಜನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದರು. ಅದೇ ವರ್ಷ ಮಾರ್ಚ್‌ನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬೆಂಗಳೂರಿನಲ್ಲಿ ಸೇರಿತು. 1980ರಲ್ಲಿ ನರಗುಂದ, ನವಲಗುಂದದ ರೈತ ಬಂಡಾಯ, 1982ರಲ್ಲಿ ಗೋಕಾಕ್ ಚಳವಳಿ. ಪ್ರತಿಯೊಂದಕ್ಕೂ ತನ್ನದೇ ಹಾಡುಗಳಿದ್ದವು. ಅವುಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ಊರಿಗೆ ಬರುತ್ತೇನೆ.

ನಮ್ಮ ಕೇರಿಯ ಮನೆಮಾತು ತೆಲುಗು. ಕನ್ನಡ ನಮಗೆ ಶಾಲೆಯ ಭಾಷೆ, ತಾಲ್ಲೂಕು ಕಚೇರಿಯ ಭಾಷೆ. ಹಾಡು ಎಂದರೆ ಕೈವಾರದ ತಾತಯ್ಯನವರ ತತ್ವಪದ. ಆಮೇಲಾಮೇಲೆ ಗಡಿಯ ಆಚೆಯಿಂದ ಗದ್ದರ್ ಹಾಡಿನ ಕ್ಯಾಸೆಟ್ಟುಗಳೂ ಬಂದವು. ತಮಟೆ ಎಂದರೆ ನನ್ನ ಅಪ್ಪ. ನಮ್ಮ ಮನೆತನದ್ದು ತಮಟೆಯ ಪಾಳಿ. ಊರಲ್ಲಿ ಯಾರೇ ಸತ್ತರೂ, ಗಂಗಮ್ಮನ ಜಾತ್ರೆಯಾದರೂ, ಪಂಚಾಯತಿಯ ಡಂಗುರವಾದರೂ ಅಪ್ಪ ಹೋಗಬೇಕು. ಕೊಟ್ಟಷ್ಟು ರಾಗಿ, ಸತ್ತವರ ಮನೆಯ ಹಳೇ ಪಂಚೆ. ರಾತ್ರಿ ಹನ್ನೆರಡಕ್ಕೆ ಬಂದು ಕೂಗಿದರೂ ಎದ್ದು ಹೋಗಬೇಕು. ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡು ಕೊರಳಿಗೆ ಹಾಕಿದರೆಂದರೆ ಎರಡು ಮೈಲಿ ಕೇಳಿಸುತ್ತಿತ್ತು. ಸಂಜೆ ನಾನು ಹುಡುಗರ ಜೊತೆ ಆಡುವಾಗ ತಮಟೆ ಕೇಳಿದರೆ, ಯಾರ ಮನೆಯಲ್ಲಿ ಸಾವು ಎಂದು ಅವರು ಕೇಳುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಹೊಡೆಯುವವನು ನನ್ನ ಅಪ್ಪ ಎಂಬುದು ಎಲ್ಲರಿಗೂ ಗೊತ್ತು.

1982, ನಾನು ಒಂಬತ್ತನೆಯ ತರಗತಿ. ರಾಗಿ ಒಕ್ಕಣೆ ಮುಗಿದ ದಿನಗಳು. ಕೊನೆಯ ಬಸ್ಸಿಗೆ ಏಳೆಂಟು ಜನ ಹುಡುಗರು ಇಳಿದರು. ಹೆಗಲಿಗೆ ಬಟ್ಟೆ ಚೀಲ, ಗಡ್ಡ. ಚಾವಡಿಗೆ ಹೋಗದೆ ನೇರ ಕೇರಿಗೆ ಬಂದರು. ನಮ್ಮ ಮನೆಯಲ್ಲಿ ಮುದ್ದೆ, ಹುರುಳಿ ಸಾರು ಉಂಡರು. ಉಂಡ ತಟ್ಟೆಯನ್ನು ತಾವೇ ತೊಳೆದರು, ಅದನ್ನು ನೋಡಿ ಅವ್ವ ಗಾಬರಿಯಾದಳು. ಅವರಲ್ಲೊಬ್ಬ ಅಪ್ಪನಿಗೆ, "ಅಣ್ಣಾ, ನಿಮ್ಮ ತಮಟೆ ಕೊಡಿ, ಹಾಡಿಗೆ ಬೇಕು" ಎಂದ. "ಅದ್ಯಾಕೆ ಸಾರ್ ನಿಮಗೆ? ಸಾವಿಗೆ ಹೊಡೆಯೋದು ಅದು" ಎಂದ ಅಪ್ಪ. ಆತ ಬಿಡಲಿಲ್ಲ. ತಾನೇ ಗೂಟದಿಂದ ಇಳಿಸಿಕೊಂಡು ಹೊಡೆಯಲು ಹೋದ. ತಾಳ ತಪ್ಪಿತು. ಅಪ್ಪ ಸ್ವಲ್ಪ ಹೊತ್ತು ಸಹಿಸಿಕೊಂಡ. ಆಮೇಲೆ ಎದ್ದು, ತಮಟೆ ಇಸಕೊಂಡು, ಹುಲ್ಲು ಹಚ್ಚಿ ಕಾಯಿಸಿ ಹೊಡೆದ.

ನನಗೆ ಬುದ್ಧಿ ಬಂದಾಗಿನಿಂದ ಯಾರೂ ಸಾಯದೆ, ಯಾವ ದೇವರೂ ಏಳದೆ, ಯಾರೂ ಹುಕುಮ್ ಮಾಡದೆ ಅಪ್ಪ ತಮಟೆ ಹೊಡೆದದ್ದು ಅದೇ ಮೊದಲು. ಸ್ವಾತಂತ್ರ್ಯ ಯಾರ ಪಾಲಿಗೆ ಬಂತೆಂದು ಕೇಳುವ ಸಿದ್ದಲಿಂಗಯ್ಯನವರ ಹಾಡನ್ನು ಆ ಹುಡುಗರು ಎತ್ತಿದರು. ಕನ್ನಡ ಪೂರ್ತಿ ಬಾರದ ನಮ್ಮ ಕೇರಿಯ ಹೆಂಗಸರು ಮೂರನೆಯ ಸುತ್ತಿಗೆ ಪಲ್ಲವಿ ಹಿಡಿದಿದ್ದರು. ಊರ ಕಡೆಯಿಂದಲೂ ಕೆಲವರು ಬಂದು ಬೇವಿನ ಮರದ ಕತ್ತಲಲ್ಲಿ ನಿಂತು ಕೇಳಿದರು. ಅವರಲ್ಲಿ ಒಂದಿಬ್ಬರು ಹಿಡುವಳಿ ಇಲ್ಲದ ಸಣ್ಣ ರೈತರು, ಮಾರನೇ ದಿನ ಹೊಲದಲ್ಲಿ ಅದೇ ಧಾಟಿ ಗುನುಗುತ್ತಿದ್ದರು. ನಾನಂತೂ ಬೆಳಿಗ್ಗೆ ಶಾಲೆಗೆ ಬಂದವನೇ ಸಮಾಜ ಪಾಠದ ಮೇಷ್ಟ್ರನ್ನು ಅದೇ ಪ್ರಶ್ನೆ ಕೇಳಿದೆ. ಅವರು ನಕ್ಕರು. "ಪರೀಕ್ಷೆಯಲ್ಲಿ ಇದನ್ನ ಬರೀಬೇಡ ಕಣೋ, ಮಾರ್ಕ್ಸ್ ಹೋಗುತ್ತೆ" ಎಂದರು. ನಾನು ಚರಿತ್ರೆ ಓದಲು ತೀರ್ಮಾನಿಸಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಬೆಳಿಗ್ಗೆಯನ್ನೇ ಹೇಳುತ್ತೇನೆ.

ಇನ್ನು ಶಾಲೆಯ ವಾರ್ಷಿಕೋತ್ಸವ. 1983ರ ಫೆಬ್ರವರಿ. ಧಾರವಾಡದ ಮೇಷ್ಟ್ರು ನಮ್ಮಲ್ಲಿ ಆರು ಜನರನ್ನು ಆರಿಸಿ ಹಾಡು ಕಲಿಸಿದರು. ಒಂದು ಹಲಗಲಿ ಲಾವಣಿ, ಇನ್ನೊಂದು ನಾವು ಕೇರಿಯಲ್ಲಿ ಕಲಿತದ್ದು. ತಮಟೆ ನಮ್ಮ ಮನೆಯದು, ಹೊಡೆಯುವವನು ನಾನು. ಆ ಆರು ಜನರಲ್ಲಿ ಕೇರಿಯವರು ಇಬ್ಬರೇ, ಉಳಿದವರು ಊರ ಹುಡುಗರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ. ಕಾರ್ಯಕ್ರಮಕ್ಕೆ ಒಂದು ಗಂಟೆ ಮುಂಚೆ ಮುಂದಿನ ಸಾಲಿನ ಹಿರಿಯರಲ್ಲಿ ಯಾರೋ ತಕರಾರು ತೆಗೆದರು. ಸರಸ್ವತಿ ಪೂಜೆ ಮಾಡಿದ ವೇದಿಕೆ, ಸಾವಿಗೆ ಹೊಡೆಯುವ ಚರ್ಮ ಅದರ ಮೇಲೆ ಹತ್ತುವುದು ಬೇಡ ಎಂದು. ಮಾತುಕತೆಯಾಗಿ ಒಂದು ರಾಜಿಯಾಯಿತು. ಹುಡುಗರು ವೇದಿಕೆಯ ಮೇಲೆ ಹಾಡಲಿ, ತಮಟೆಯವನು ಕೆಳಗೆ ನಿಂತು ಹೊಡೆಯಲಿ. ಅವರ ಮನಸ್ಸಿನಲ್ಲಿ ಅದು ದೊಡ್ಡ ಔದಾರ್ಯ.

ನಾನು ತಮಟೆ ಹಿಡಿದು ಮೆಟ್ಟಿಲ ಪಕ್ಕ ನಿಂತೆ. ಮೇಷ್ಟ್ರು ಪರದೆಯ ಸಂದಿಯಿಂದ ನನ್ನನ್ನು ನೋಡಿದರು. ಐದು ಹುಡುಗರ ಕಡೆ ತಿರುಗಿ, "ತಮಟಿ ಎಲ್ಲೈತಿ, ನಾವೂ ಅಲ್ಲೇ ಹಾಡೋಣು, ಇಳೀರಿ" ಎಂದರು. ಐವರೂ ಇಳಿದರು. ಮೇಷ್ಟ್ರೂ ಇಳಿದರು. ಮೈಕ್ ಮೇಲೆಯೇ ಉಳಿಯಿತು, ಅದರ ವೈರು ಕೆಳಗಿನವರೆಗೆ ಬರುತ್ತಿರಲಿಲ್ಲ. ನಾವು ಹಾಡಿದ್ದು ಮುಂದಿನ ನಾಲ್ಕಾರು ಸಾಲಿಗೆ ಮಾತ್ರ ಕೇಳಿಸಿರಬೇಕು. ಹಿಂದೆ ಕೂತಿದ್ದ ನನ್ನ ಅಪ್ಪನಿಗೆ ತಮಟೆ ಕೇಳಿಸಿತ್ತು. ಮನೆಗೆ ಹೋದ ಮೇಲೆ, ಎರಡನೆಯ ಹಾಡಿನಲ್ಲಿ ಎಡಗೈ ನಿಧಾನವಾಯಿತು ಎಂದ. ಬೇರೇನೂ ಹೇಳಲಿಲ್ಲ.

ಸಮಿತಿಯವರು ಹಳೆಯ ಫೋಟೋಗಳನ್ನು ಸೇರಿಸಿದ್ದಾರೆ. 1983ರ ವಾರ್ಷಿಕೋತ್ಸವದ್ದು ಮೂರು ಸಿಕ್ಕಿವೆ. ಅವುಗಳಲ್ಲಿ ನಾವು ಇಲ್ಲ. ಫೋಟೋದವರು ವೇದಿಕೆಯನ್ನು ಮಾತ್ರ ತೆಗೆದಿದ್ದರು. ಒಂದು ಫೋಟೋದಲ್ಲಿ ಖಾಲಿ ಮೈಕು ಒಂದೇ ಇದೆ, ಯಾಕೆ ಖಾಲಿ ಎಂದು ಸಮಿತಿಯ ಹುಡುಗರು ನನ್ನನ್ನು ಕೇಳಿದರು. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಹಾಡಿನಿಂದ ಎಲ್ಲವೂ ಬದಲಾಯಿತು ಎಂದು ನಾನು ಹೇಳಲಾರೆ. ಹೋರಾಟದ ಹಾಡುಗಳ ಬಗ್ಗೆ ಬರೆಯುವವರು ಆವೇಶದಲ್ಲಿ ಮರೆಯುವ ಭಾಗ ಇದು. ಕೆಲವು ವರ್ಷಗಳ ಮೇಲೆ ನಮ್ಮ ಕೇರಿಯ ಹುಡುಗರು ಸಭೆ ಸೇರಿ, ಇನ್ನು ಸಾವಿಗೆ ತಮಟೆ ಹೊಡೆಯುವುದಿಲ್ಲ ಎಂದು ತೀರ್ಮಾನಿಸಿದರು. ತಮಟೆಯನ್ನೇ ಸುಟ್ಟುಬಿಡೋಣ ಎಂದರು ಕೆಲವರು. ವಾದ್ಯ ಏನು ತಪ್ಪು ಮಾಡಿದೆ, ಬಿಟ್ಟಿ ನಿಲ್ಲಿಸೋಣ, ವಾದ್ಯ ಬಿಡುವುದು ಬೇಡ ಎಂದರು ಇನ್ನು ಕೆಲವರು. ಹಾಡಿನ ತಂಡಗಳು ತಮಟೆಯನ್ನು ಎತ್ತಿ ಹಿಡಿದಿದ್ದರಿಂದಲೇ ಎರಡನೆಯ ಮಾತಿಗೆ ಬಲ ಬಂತು. ಬಿಟ್ಟಿ ನಿಂತಿತು. ಅದರ ಹಿಂದೆಯೇ ಕೂಲಿಯೂ ನಿಂತಿತು. ಮೂರು ತಿಂಗಳು ಊರಿನ ಯಾವ ಹೊಲಕ್ಕೂ ನಮ್ಮವರನ್ನು ಕರೆಯಲಿಲ್ಲ. ಅಂಗಡಿಯಲ್ಲಿ ಸಾಲ ಇಲ್ಲ. ಅರ್ಧ ಕೇರಿ ಇಟ್ಟಿಗೆ ಗೂಡುಗಳಿಗೆ, ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಯಿತು. ಆಗ ನಾನು ಕೋಲಾರದ ಹಾಸ್ಟೆಲಿನಲ್ಲಿ ಎರಡು ಹೊತ್ತು ಉಣ್ಣುತ್ತಿದ್ದೆ. ರಜಕ್ಕೆ ಬಂದಾಗ ಅಪ್ಪ ತೆಲುಗಿನಲ್ಲಿ ಹೇಳಿದ, "ಹಾಡಿದೋರು ಬಸ್ಸು ಹತ್ತಿ ಹೋದರು. ನಾವು ಇಲ್ಲೇ ಇದ್ದೀವಲ್ಲ, ನಮಗೆ ಬಸ್ಸು ಎಲ್ಲಿಂದ ತರೋದು?" ನನ್ನಲ್ಲಿ ಉತ್ತರ ಇರಲಿಲ್ಲ. ಸಂಘಟನೆಯವರು ಮತ್ತೆ ಬಂದರು, ಅದನ್ನೂ ಹೇಳಬೇಕು. ತಹಶೀಲ್ದಾರರ ಮುಂದೆ ಮಾತುಕತೆಯಾಯಿತು. ಇಷ್ಟವಿದ್ದವರು ಹೊಡೆಯಬಹುದು, ಮೊದಲೇ ದುಡ್ಡು ಗೊತ್ತು ಮಾಡಬೇಕು, ಏಕವಚನದಲ್ಲಿ ಕರೆಯಬಾರದು ಎಂದು ಕಾಗದದ ಮೇಲೆ ಬರೆಯಿತು. ಊರಿನಲ್ಲಿಯೂ ಕೆಲವರು ನಮ್ಮ ಪರ ಮಾತಾಡಿದ್ದರು. ಅವರಲ್ಲಿ ಮೂವರು ನನ್ನ ಜೊತೆ ವೇದಿಕೆಯಿಂದ ಇಳಿದವರೇ. ಅಪ್ಪ ಮಾತ್ರ ಆಮೇಲೆ ಯಾರ ಸಾವಿಗೂ ದುಡ್ಡಿಗೆ ಹೊಡೆಯಲಿಲ್ಲ.

ವಿಮರ್ಶಕರು ಈ ಹಾಡುಗಳನ್ನು ಬರೀ ಘೋಷಣೆ ಎಂದಿದ್ದಾರೆ. ಓದುವ ಕವನವಾಗಿ ನೋಡಿದರೆ ಕೆಲವು ಹಾಡುಗಳು ಘೋಷಣೆಯೇ. ಆದರೆ ಲಾಟೀನು ಬೆಳಕಲ್ಲಿ ಕೇಳಿದವನಾಗಿ ನನ್ನ ಆಕ್ಷೇಪಣೆ ಬೇರೆ. ಹಾಡಿನ ತಂಡಗಳಲ್ಲಿ ಹೆಂಗಸರು ತೀರ ಕಡಿಮೆ. ಇಡೀ ಕೇರಿಗೆ ಸೋಬಾನೆ ಹೇಳಿಕೊಡುತ್ತಿದ್ದ ನನ್ನ ಅವ್ವನನ್ನು ನೀನು ಒಂದು ಹಾಡು ಎತ್ತಮ್ಮ ಎಂದು ಯಾವ ಜಾಥಾದವರೂ ಕೇಳಲಿಲ್ಲ. ಸಾರಾಯಿ ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನು ನಮ್ಮ ಕೇರಿಯವನೇ ಆಗಿದ್ದರೆ ಹಾಡು ಅಲ್ಲಿ ಸುಮ್ಮನಿರುತ್ತಿತ್ತು. ದಲಿತರ ಒಳಗಿನ ಮೇಲುಕೀಳಿನ ಬಗ್ಗೆಯೂ ಅಷ್ಟೇ. ಇನ್ನೊಂದು ಮಾತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಬೆಲ್ಚಿ ಬಿಹಾರದಲ್ಲಿದೆ ಎಂದುಕೊಂಡಿದ್ದ ನಮಗೆ ಅದು ನಮ್ಮದೇ ಜಿಲ್ಲೆಯಲ್ಲಿತ್ತು. ಆರೋಪಿಗಳೆಲ್ಲ ಮುಂದೆ ಖುಲಾಸೆಯಾದರು. 20 ವರ್ಷ ಹಾಡು ಕೇಳಿದ ಸೀಮೆ ಅದು.

ಹಾಗಾದರೆ ಹಾಡು ಮಾಡಿದ್ದೇನು? ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಕೇರಿಯಲ್ಲಿ ಭೂಮಿಯ ಅರ್ಜಿ ಬರೆಯಲು, ಪರಭಾರೆಯಾದ ಜಮೀನನ್ನು 1978ರ ಕಾಯ್ದೆಯಡಿ ವಾಪಸ್ಸು ಕೇಳಲು ಮೊದಲು ಹೋದವರು ಆ ರಾತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದವರು. ಅವರಿಗೆ ಕಾಯ್ದೆ ಗೊತ್ತಿರಲಿಲ್ಲ. ಕಚೇರಿಯ ಬಾಗಿಲಲ್ಲಿ ನಿಂತು ಕೇಳಬಹುದು ಎಂಬುದು ಗೊತ್ತಾಗಿತ್ತು. ಗುಂಪಿನಲ್ಲಿ ಗಟ್ಟಿಯಾಗಿ ಒಂದು ಸಾಲು ಹಾಡಿದ ಮನುಷ್ಯನಿಗೆ, ಗುಮಾಸ್ತನ ಮುಂದೆ ಒಂದು ಮಾತು ಹೇಳುವುದು ಮೊದಲಿನಷ್ಟು ಕಷ್ಟವಲ್ಲ. ಮೂರು ಕುಟುಂಬಕ್ಕೆ ಜಮೀನು ಸಿಕ್ಕಿತು, ಐದಕ್ಕೆ ಸಿಗಲಿಲ್ಲ.

ಸಿದ್ದಲಿಂಗಯ್ಯನವರು 2021ರ ಜೂನ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಗದ್ದರ್ 2023ರಲ್ಲಿ ಹೋದರು. ಅದೇ 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಟಿವಿಯಲ್ಲಿ ಆ ಸುದ್ದಿ ಬಂದ ದಿನ ನನಗೆ ಊರಿಂದ ಏಳು ಫೋನ್ ಬಂದವು. ಒಂದು ಫೋನು, 1983ರಲ್ಲಿ ವೇದಿಕೆಗೆ ತಮಟೆ ಬೇಡ ಎಂದಿದ್ದ ಹಿರಿಯರೊಬ್ಬರ ಮಗನದು. ಅವನೂ ನಮ್ಮ ಶಾಲೆಯವನೇ, ನನಗಿಂತ ಎರಡು ವರ್ಷ ಚಿಕ್ಕವನು. "ಅಣ್ಣಾ, ಅಪ್ಪ ಇದ್ದಿದ್ದರೆ ನೋಡೋರು" ಎಂದ. ಏನು ನೋಡುತ್ತಿದ್ದರು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮದವರು ಹುಣ್ಣಿಮೆ ಹಾಡು ನಡೆಸುತ್ತ ಬಂದಿದ್ದಾರೆ, ಹಳೆಯ ಹಾಡುಗಾರರು ಅಲ್ಲಿ ಸಿಗುತ್ತಾರೆ. ಆಸಕ್ತಿ ಇರುವ ಈಗಿನ ವಿದ್ಯಾರ್ಥಿಗಳು ಒಮ್ಮೆ ಹೋಗಿ ಕೇಳಬೇಕು.

ಈ ಸಂಚಿಕೆ ಬಿಡುಗಡೆಯಾಗುವ ದಿನ ಸಂಜೆಯ ಕಾರ್ಯಕ್ರಮದ ಪಟ್ಟಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರ ತಮಟೆ ಕುಣಿತವಿದೆ, ಭರತನಾಟ್ಯಕ್ಕೂ ಚಲನಚಿತ್ರ ಗೀತೆಗೂ ನಡುವೆ. ವೇದಿಕೆಯ ಮೇಲೆಯೇ. ಅವರಿಗೆ ಕಲಿಸುತ್ತಿರುವವನು ನಮ್ಮ ಕೇರಿಯ ಹುಡುಗ, ನನ್ನ ಅಪ್ಪನ ತಮ್ಮನ ಮೊಮ್ಮಗ. ಅವರ ತಮಟೆಗಳಿಗೆ ಈಗ ಪ್ಲಾಸ್ಟಿಕ್ ಹಾಳೆ, ಬೋಲ್ಟು ತಿರುಗಿಸಿದರೆ ಸಾಕು, ಕಾಯಿಸುವ ಕೆಲಸವಿಲ್ಲ. ಒಂದಾದರೂ ಚರ್ಮದ್ದಿರಲಿ ಎಂದು ಅಪ್ಪನ ತಮಟೆ ತರುತ್ತಿದ್ದೇನೆ. ಹಿಂದಿನ ಆರು ಜನರಲ್ಲಿ ನಾಲ್ವರು ಬರುವುದಾಗಿ ಒಪ್ಪಿದ್ದಾರೆ. ಲಾವಣಿ ಒಂದನ್ನು ಹಾಡುತ್ತೇವೆ, ಸ್ವರ ಹೇಗಿರುತ್ತದೋ ಗೊತ್ತಿಲ್ಲ. ಶಾಮಿಯಾನದ ಹಿಂದೆ ಬೆಂಕಿ ಹಾಕಬಾರದು ಎಂದು ಸಮಿತಿಯವರು ಹೇಳಿದ್ದಾರೆ, ಸರಿಯಾದ ಮಾತು. ಬಾವಿಯ ಪಕ್ಕದ ಹೊಂಗೆ ಮರದ ಕೆಳಗೆ ಕಾಯಿಸಿಕೊಳ್ಳುತ್ತೇವೆ. ಬರುವವರು ಯಾರಾದರೂ ಒಂದು ಹಿಡಿ ಒಣ ರಾಗಿ ಹುಲ್ಲು ತಂದರೆ ಉಪಕಾರವಾಗುತ್ತದೆ.